ಹೈಸ್ಕೂಲ್ ಮಕ್ಕಳಿಗೆ ರಾಜಕೀಯ ತಿಳಿಸುವ ಪ್ರವಾಸ ಮಾಡಿದ್ದೀರಾ? ಅನುಭವ ಇದ್ದವರು ಹೇಳಿ

ಹಾವೇರಿ ಕಡೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಯಲ್ಲಿ 48 ಮಕ್ಕಳಿದ್ದಾರೆ. ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ, ಚುನಾವಣಾ ವ್ಯವಸ್ಥೆ ಎಲ್ಲಾ ಪಾಠ ಮುಗಿಸಿದ್ದೇನೆ. ವಿಧಾನಸಭೆಯಲ್ಲಿ ಎಷ್ಟು ಸದಸ್ಯರು ಅಂದರೆ ಇಡೀ ಕ್ಲಾಸು 224 ಅಂತ ಕೂಗುತ್ತದೆ. ಪರಿಷತ್ತಿನಲ್ಲಿ? 75. ಲೋಕಸಭೆಗೆ ನಮ್ಮ ರಾಜ್ಯದಿಂದ? 28. ಎಲ್ಲಾ ಬಾಯಿಪಾಠ.

ಕಳೆದ ವಾರ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. "ಟೀಚರ್, ನಮ್ಮೂರಿಗೆ ಬೆಳಿಗ್ಗೆ ಬಸ್ ಬರೋದೇ ಇಲ್ಲ, ಮೂರು ಕಿಲೋಮೀಟರ್ ನಡೆದು ಬರ್ತೀವಿ. ಇದನ್ನ ಆ 224ರಲ್ಲಿ ಯಾರಿಗೆ ಹೇಳಬೇಕು?" ನಾನು ನಮ್ಮ ಶಾಸಕರಿಗೆ ಅಂದೆ. "ಹೇಳೋದು ಹೆಂಗೆ?" ಅಂದಳು. ಅರ್ಜಿ ಕೊಡಬೇಕು ಅಂದೆ. "ನಮ್ಮ ಅರ್ಜಿ ತಗೋತಾರಾ? ನಮಗೆ ಓಟೇ ಇಲ್ವಲ್ಲ" ಅಂದಳು. ಅಲ್ಲಿಗೆ ಬೆಲ್ ಹೊಡೆಯಿತು. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ.

ಡಿಸೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸ ಇದೆ. ಪ್ರತಿ ವರ್ಷದ ಹಾಗೆ ಒಂದು ದೇವಸ್ಥಾನ, ಒಂದು ಜಲಪಾತ, ಒಂದು ವಾಟರ್ ಪಾರ್ಕ್ ಅಂತ ಪಟ್ಟಿ ಆಗಿದೆ. ಅದರಲ್ಲಿ ಒಂದು ದಿನ ತೆಗೆದು ಬೆಳಗಾವಿ ಅಧಿವೇಶನಕ್ಕೆ ಕರೆದುಕೊಂಡು ಹೋಗೋಣ ಅಂತ ನನ್ನ ಆಸೆ. ಹೆಡ್‌ಮಾಸ್ಟರ್ ಬೇಡ ಅನ್ನುತ್ತಿಲ್ಲ. ಆದರೆ ಇಬ್ಬರು ಪೋಷಕರು "ಮಕ್ಕಳಿಗೆ ರಾಜಕೀಯ ಯಾಕೆ" ಅಂತ ಆಗಲೇ ಫೋನ್ ಮಾಡಿದ್ದಾರೆ. ಕರೆದುಕೊಂಡು ಹೋದವರು ಇದ್ದರೆ ದಯವಿಟ್ಟು ಹೇಳಿ. ನಿಜಕ್ಕೂ ಮಕ್ಕಳು ಏನಾದರೂ ಕಲಿಯುತ್ತಾರಾ, ಇಲ್ಲ ಸುಮ್ನೆ ಕಟ್ಟಡ ನೋಡಿ ಫೋಟೋ ತೆಗೆಸಿಕೊಂಡು ಬರುತ್ತಾರಾ? ಪ್ರವಾಸ ಬಿಟ್ಟು ಶಾಲೆಯಲ್ಲೇ ಮಾಡುವಂಥದ್ದು ಇದ್ದರೂ ಹೇಳಿ.

---

ಗ್ಯಾಲರಿ ಮೇಷ್ಟ್ರು

ಮೇಡಂ, ನಾನು ಎರಡು ವರ್ಷ ಬೆಳಗಾವಿಗೆ ಕರೆದುಕೊಂಡು ಹೋಗಿದ್ದೇನೆ. ಮೊದಲ ವರ್ಷ ಏನೂ ಉಪಯೋಗ ಆಗಲಿಲ್ಲ. ಎರಡನೇ ವರ್ಷ ತುಂಬಾ ಆಯಿತು. ಕಟ್ಟಡ ಅದೇ, ಗ್ಯಾಲರಿ ಅದೇ. ನಾವು ಮಾಡಿಕೊಂಡ ತಯಾರಿ ಮಾತ್ರ ಬೇರೆ.

ಮೊದಲ ವರ್ಷ ಶಾಸಕರ ಕಚೇರಿಯಿಂದ ಪತ್ರ ತೆಗೆದುಕೊಂಡು ಪಾಸ್ ಮಾಡಿಸಿ ಹೋದೆವು. ಮೊಬೈಲು, ಬ್ಯಾಗು ಎಲ್ಲಾ ಹೊರಗೆ. ಮಾತಾಡುವಂತಿಲ್ಲ, ಚಪ್ಪಾಳೆ ಹೊಡೆಯುವಂತಿಲ್ಲ, ಮುಂದಕ್ಕೆ ಬಗ್ಗುವಂತಿಲ್ಲ. ಮಕ್ಕಳು ಉಸಿರು ಬಿಗಿಹಿಡಿದು ಕೂತವು. ಕೆಳಗೆ ಯಾರೋ ಯಾವುದೋ ಕಾಗದ ನೋಡಿಕೊಂಡು ಓದುತ್ತಿದ್ದರು. ಯಾವ ವಿಷಯ ಅಂತ ನನಗೇ ಗೊತ್ತಾಗಲಿಲ್ಲ. ಅರ್ಧ ಗಂಟೆಗೆ ಇಳಿಸಿ ಮುಂದಿನ ಶಾಲೆಯವರನ್ನು ಹತ್ತಿಸಿದರು. ಬಸ್ಸಿನಲ್ಲಿ ಏನು ನೋಡಿದಿರಿ ಅಂದರೆ "ಕುರ್ಚಿ ಚೆನ್ನಾಗಿದೆ ಸಾರ್" ಅಂದರು. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆಯಿತು, ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಂದಿದ್ದರು ಅಂತೆಲ್ಲಾ ನಾನು ಹೇಳಿದ್ದನ್ನು ಬರೆದುಕೊಂಡಿದ್ದರು. ಅಷ್ಟೇ.

ಮುಂದಿನ ವರ್ಷ ಬೇರೆ ಥರ ಮಾಡಿದೆ. ಸದನದಲ್ಲಿ ಪ್ರತಿ ದಿನ ಪ್ರಶ್ನೋತ್ತರ ಇರುತ್ತದೆ ಅಲ್ವಾ, ಅದರ ಪಟ್ಟಿ ವಿಧಾನಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದು ಮಕ್ಕಳ ಕೈಗೆ ಕೊಟ್ಟೆ. ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಪ್ರಶ್ನೆಗೆ ಗುರುತು ಹಾಕಿ, ಅದಕ್ಕೆ ಮಂತ್ರಿ ಏನು ಉತ್ತರ ಕೊಡಬಹುದು ಅಂತ ನೋಟ್‌ಬುಕ್ಕಿನಲ್ಲಿ ಮೊದಲೇ ಬರೆಯಬೇಕು. ಒಬ್ಬ ಹುಡುಗ ಕೆರೆ ಹೂಳಿನ ಪ್ರಶ್ನೆ ಹಿಡಿದುಕೊಂಡ. ಅವನ ಅಪ್ಪನ ಹೊಲ ಕೆರೆ ಕೆಳಗಿದೆ. ಗ್ಯಾಲರಿಯಲ್ಲಿ ಕೂತು ಅವನ ಪ್ರಶ್ನೆ ಬರುತ್ತದೆ ಬರುತ್ತದೆ ಅಂತ ಕಾದ. ಗಲಾಟೆ ಆಯಿತು, ಕೆಲವರು ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಅಂದರೆ ಸದನದ ಬಾವಿಗೆ ಇಳಿದರು, ಸಮಯ ಮುಗಿಯಿತು, ಅವನ ಪ್ರಶ್ನೆ ಬರಲೇ ಇಲ್ಲ. ಹುಡುಗನ ಕಣ್ಣಲ್ಲಿ ನೀರು. ನಿಜ ಹೇಳುತ್ತೇನೆ, ಸದನದ ಒಂದು ನಿಮಿಷದ ಬೆಲೆ ಏನು ಅಂತ ನಾನು ಹತ್ತು ವರ್ಷದಿಂದ ಪಾಠದಲ್ಲಿ ಹೇಳಿದ್ದು ಅವನಿಗೆ ಆವತ್ತು ಅರ್ಥ ಆಯಿತು.

ಆಮೇಲೆ ಅವನಿಗೆ ಇನ್ನೊಂದು ವಿಷಯ ತೋರಿಸಿದೆ. ಬಾಯಿ ಮಾತಿನ ಉತ್ತರಕ್ಕೆ ಸರದಿ ಬರದಿದ್ದರೂ ಲಿಖಿತ ಉತ್ತರ ಮಂಡಿಸುತ್ತಾರೆ. ಸದನದಲ್ಲಿ ಬಾಯಲ್ಲೇ ಉತ್ತರ ಕೊಡಬೇಕಾದದ್ದು ಚುಕ್ಕೆ ಗುರುತಿನ ಪ್ರಶ್ನೆ, ಬರೀ ಲಿಖಿತ ಉತ್ತರ ಕೊಡುವಂಥದ್ದು ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಎರಡಿವೆ. ಊರಿಗೆ ಬಂದ ಮೇಲೆ ಅವನೇ ಕಂಪ್ಯೂಟರ್ ರೂಮಿನಲ್ಲಿ ಕೂತು ಆ ಉತ್ತರ ಹುಡುಕಿ ತೆಗೆದ. ಎರಡು ಪುಟ ಇತ್ತು. ತಾನು ಊಹೆ ಮಾಡಿ ಬರೆದಿದ್ದರ ಪಕ್ಕ ಇಟ್ಟುಕೊಂಡು ಓದಿದ.

ಇನ್ನೊಂದು. ಖಾಲಿ ಕುರ್ಚಿ ಬಗ್ಗೆ ಮಕ್ಕಳು ಖಂಡಿತ ಕೇಳುತ್ತಾರೆ. "ಎಲ್ಲರೂ ಹಾಗೇ ಬಿಡಿ" ಅಂತ ತಳ್ಳಿ ಹಾಕಬೇಡಿ. ಸದನ ನಡೆಯಲು ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಇದ್ದರೆ ಸಾಕು, ಅದಕ್ಕೆ ಕೋರಂ ಅನ್ನುತ್ತಾರೆ, ಅಷ್ಟೂ ಇಲ್ಲದಿದ್ದರೆ ಗಂಟೆ ಬಾರಿಸುತ್ತಾರೆ ಅಂತ ಮೊದಲೇ ಹೇಳಿ. ನಮ್ಮ ಮಕ್ಕಳು ತಲೆ ಎಣಿಸಿ ಬರೆದುಕೊಂಡು ಬಂದರು.

---

ಇಬ್ಬರು ಮಕ್ಕಳ ಅಪ್ಪ

ನಾನು ಆ ಫೋನ್ ಮಾಡಿದ ಪೋಷಕರ ಪರ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ದೊಡ್ಡ ಮಗ ಏಳನೇ ತರಗತಿಯಲ್ಲಿದ್ದಾಗ ಯಾರೋ ಮುಖಂಡರು ಬರುತ್ತಾರೆ ಅಂತ ಶಾಲೆಯವರು ಮಕ್ಕಳನ್ನು ರಸ್ತೆ ಬದಿ ಸಾಲಾಗಿ ನಿಲ್ಲಿಸಿದ್ದರು. ಬೆಳಿಗ್ಗೆ ಹತ್ತಕ್ಕೆ ನಿಲ್ಲಿಸಿದವರು, ಕಾರು ಬಂದದ್ದು ಮಧ್ಯಾಹ್ನ ಒಂದೂವರೆಗೆ. ಒಂದು ಹುಡುಗಿ ತಲೆ ಸುತ್ತಿ ಬಿದ್ದಳು. ಕಾರು ನಿಲ್ಲಲೂ ಇಲ್ಲ. ಮಗ ಮನೆಗೆ ಬಂದು ಚಪ್ಪಲಿ ಬಿಚ್ಚಿದರೆ ಅಂಗಾಲು ಕೆಂಪಾಗಿತ್ತು. ಅದೂ "ಪಠ್ಯೇತರ ಚಟುವಟಿಕೆ" ಅಂತಲೇ ರಿಜಿಸ್ಟರಿನಲ್ಲಿ ಬರೆದಿದ್ದರು. ಆಮೇಲೆ ಹೈಸ್ಕೂಲಿನಲ್ಲಿ ಒಬ್ಬ ಶಿಕ್ಷಕರು ಚುನಾವಣೆ ಟೈಮಿನಲ್ಲಿ ತಮ್ಮ ಪಕ್ಷದ್ದೇ ಹಾಡು ಹಾಡುತ್ತಿದ್ದರು. ಮಗ ಅದನ್ನೇ ಮನೆಯಲ್ಲಿ ತಾತನ ಮುಂದೆ ಹೇಳಿ ಊಟದ ತಟ್ಟೆ ಮುಂದೆ ಜಗಳ ಆಯಿತು.

ಅದಕ್ಕೇ ನಮ್ಮಂಥವರಿಗೆ ರಾಜಕೀಯ ಅಂದರೆ ಭಯ. ನೀವು ಸದನ ತೋರಿಸಿ, ಬೇಡ ಅನ್ನುವುದಿಲ್ಲ. ಆದರೆ ಹೋಗುವ ಮೊದಲು ಪೋಷಕರನ್ನು ಕರೆಸಿ, ಯಾರ ಜೊತೆ ಫೋಟೋ ಇಲ್ಲ, ಯಾರಿಗೂ ಹಾರ ಇಲ್ಲ, ಯಾವ ಪಕ್ಷದ ಶಾಲೂ ಇಲ್ಲ ಅಂತ ಮುಂಚೆನೇ ಹೇಳಿಬಿಡಿ. ಶಾಸಕರ ಪತ್ರದಿಂದ ಪಾಸ್ ಮಾಡಿಸಿದರೆ ಅವರು ಊಟ ಹಾಕಿಸುತ್ತೇನೆ ಅನ್ನಬಹುದು, ಮಕ್ಕಳು ಬುತ್ತಿ ಕಟ್ಟಿಕೊಂಡು ಹೋಗಲಿ. ಇಷ್ಟು ಮಾಡಿದರೆ ನನ್ನ ಚಿಕ್ಕ ಮಗಳನ್ನು ನಾನೇ ಕಳಿಸುತ್ತೇನೆ.

---

ಕುಂದಾಪುರದಕ್ಕ

ಮೇಡಂ, ನಾನು ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದೆ. ನಿಮ್ಮ ಹುಡುಗಿಯ ಬಸ್ಸಿನ ಪ್ರಶ್ನೆಗೆ ಬೆಳಗಾವಿಗಿಂತ ಮೊದಲು ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿ. ಬಸ್ ಖರ್ಚೂ ಇಲ್ಲ, ನಡೆದುಕೊಂಡು ಹೋಗಬಹುದು.

ಮಕ್ಕಳ ಗ್ರಾಮ ಸಭೆ ಕೇಳಿದ್ದೀರಲ್ಲ? ನಮ್ಮ ಕುಂದಾಪುರ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ಅಂತ ಶುರುವಾಗಿತ್ತು. ಶಾಲೆಗೆ ಹೋಗುವ ಮಕ್ಕಳು, ಕೆಲಸ ಮಾಡುವ ಮಕ್ಕಳು ಎಲ್ಲರೂ ಸೇರಿ ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿಕೊಳ್ಳುತ್ತಿದ್ದರು. ಆಮೇಲೆ 2006ರಲ್ಲಿ ಸರ್ಕಾರವೇ ರಾಜ್ಯದ ಎಲ್ಲಾ ಗ್ರಾಮ ಪಂಚಾಯಿತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡಬೇಕು ಅಂತ ಆದೇಶ ಮಾಡಿತು. ಓಟಿಲ್ಲದವರ ಮಾತನ್ನೂ ಪಂಚಾಯಿತಿ ಕೇಳಬೇಕು ಅಂತಲೇ ಇರುವ ಸಭೆ ಅದು. ನಿಮ್ಮ ಹುಡುಗಿ ಕೇಳಿದ್ದು ಸರಿಯಾಗಿ ಅದನ್ನೇ.

ಈ ಸಭೆ ಎಲ್ಲಾ ಕಡೆ ಚೆನ್ನಾಗಿ ಆಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಶಾಮಿಯಾನ, ಸ್ವಾಗತ ಗೀತೆ, ನಾಲ್ಕು ಜನರ ಭಾಷಣ, ಕೊನೆಗೆ ಮಕ್ಕಳಿಗೆ ಐದು ನಿಮಿಷ, ಒಂದು ಬಿಸ್ಕತ್ತು. ನಾನು ಸದಸ್ಯೆಯಾದ ಮೊದಲ ವರ್ಷ ನಮ್ಮಲ್ಲೂ ಹಾಗೇ ಆಯಿತು. ಕೊನೆಯಲ್ಲಿ ಎಂಟನೇ ಕ್ಲಾಸಿನ ಒಬ್ಬಳು ಎದ್ದು "ನಮ್ಮ ಶಾಲೆ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು" ಅಂದಳು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬರೆದುಕೊಂಡರು. ನಾವು ಮರೆತೆವು. ಮರು ವರ್ಷ ಅದೇ ಹುಡುಗಿ ಎದ್ದು ನಿಂತಳು. ಕೈಯಲ್ಲಿ ನೋಟ್‌ಬುಕ್. ಹೋದ ವರ್ಷ ಇಂಥ ತಾರೀಕು, ಇಷ್ಟು ಗಂಟೆಗೆ ಇಂಥವರು ಮಾಡಿಸುತ್ತೇವೆ ಅಂದಿದ್ದರು ಅಂತ ಓದಿದಳು. ಜೋರಾಗಿ ಓದಲಿಲ್ಲ, ಸಿಟ್ಟೂ ಇರಲಿಲ್ಲ. ಸಭೆ ಗಪ್‌ಚಿಪ್ ಆಯಿತು. ನನಗೆ ತಲೆ ಎತ್ತಲು ಆಗಲಿಲ್ಲ. ನಾಲ್ಕು ದಿನದಲ್ಲಿ ಚಿಲಕ ಬಂತು, ಆ ತಿಂಗಳೊಳಗೆ ನೀರಿನ ಪೈಪೂ ಬಂತು.

ಬಸ್ಸು ಓಡಿಸುವುದು ಪಂಚಾಯಿತಿ ಕೆಲಸ ಅಲ್ಲ. ಆದರೆ ಮಕ್ಕಳ ಗ್ರಾಮ ಸಭೆಯಲ್ಲಿ ಬಂದ ಬೇಡಿಕೆ ಅಂತ ಠರಾವು ಮಾಡಿ ಸಾರಿಗೆ ಡಿಪೋಗೆ ಕಳಿಸಬಹುದು, ಒಂದು ಪ್ರತಿ ಶಾಸಕರಿಗೂ ಹಾಕಬಹುದು. ಎಷ್ಟು ಮಕ್ಕಳು, ಯಾವ ಊರಿಂದ, ಎಷ್ಟು ಗಂಟೆಗೆ ಬಸ್ ಬೇಕು ಅಂತ ಮಕ್ಕಳೇ ಲೆಕ್ಕ ಮಾಡಿ ಕೊಡಲಿ. ಸುಮ್ನೆ ಬಸ್ ಬೇಕು ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಠರಾವಿನ ನಂಬರ್, ತಾರೀಕು ಬರೆದಿಟ್ಟುಕೊಳ್ಳಲು ಹೇಳಿ. ಅದು ತುಂಬಾ ಮುಖ್ಯ.

ಮೇಲೆ ಮಾತಾಡಿದ ಅಪ್ಪನವರಿಗೂ ಒಂದು ಮಾತು. ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಒಳಗೊಳಗೆ ಪಕ್ಷ ಇರುತ್ತದೆ, ನಿಜ. ಆದರೂ ಮಕ್ಕಳ ಮುಂದೆ ಪಕ್ಷದ ಹೆಸರು ಎತ್ತದೆ ರಾಜಕೀಯ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅರ್ಧದಷ್ಟು ಸೀಟು ಹೆಂಗಸರದ್ದು. ಹೆಣ್ಣುಮಕ್ಕಳು ನಮ್ಮನ್ನು ಆ ಕುರ್ಚಿಯಲ್ಲಿ ನೋಡಬೇಕು.

---

ಮಾಜಿ ನೀರಾವರಿ ಮಂತ್ರಿ

ನಾನು ಈಗ ಡಿಗ್ರಿ ಎರಡನೇ ವರ್ಷ. ಹೈಸ್ಕೂಲಿನಲ್ಲಿ ನಮ್ಮ ಶಾಲಾ ಸಂಸತ್ತಿನ ನೀರಾವರಿ ಮಂತ್ರಿ ಆಗಿದ್ದೆ. ಗಿಡಕ್ಕೆ ನೀರು ಹಾಕಿಸುವುದು, ಟ್ಯಾಂಕ್ ತುಂಬಿದೆಯಾ ನೋಡುವುದು ನನ್ನ ಖಾತೆ. ಪ್ರವಾಸಕ್ಕಿಂತ ನನಗೆ ರಾಜಕೀಯ ಕಲಿಸಿದ್ದು ಆ ಚುನಾವಣೆ.

ಎಂಟನೇ ಕ್ಲಾಸಿನಲ್ಲಿ ಕೈ ಎತ್ತಿ ಆರಿಸುತ್ತಿದ್ದರು. ಸರ್ ಹೆಸರು ಹೇಳಿದಾಗ ಎಲ್ಲರೂ ಮೊದಲು ಹಿಂದಿನ ಬೆಂಚಿನ ಒಬ್ಬನ ಮುಖ ನೋಡುತ್ತಿದ್ದೆವು. ಅವನು ಕೈ ಎತ್ತಿದರೆ ನಾವೂ ಎತ್ತುತ್ತಿದ್ದೆವು. ಅವನ ಅಪ್ಪನ ಹೊಲಕ್ಕೆ ನಮ್ಮಲ್ಲಿ ಅರ್ಧ ಜನರ ಮನೆಯವರು ಕೂಲಿಗೆ ಹೋಗುತ್ತಿದ್ದರು. ಒಂಬತ್ತಕ್ಕೆ ಬಂದಾಗ ಹೊಸ ಮೇಡಂ ಬಂದರು. ಕೈ ಎತ್ತುವುದು ಬೇಡ ಅಂದರು. ನಾಮಪತ್ರ, ಹಿಂತೆಗೆಯಲು ಒಂದು ದಿನ, ಚಿಹ್ನೆ ಹಂಚಿಕೆ, ಮೂರು ದಿನ ಪ್ರಚಾರ, ಆಮೇಲೆ ರಟ್ಟಿನ ಡಬ್ಬದ ಹಿಂದೆ ಹೋಗಿ ಒಬ್ಬೊಬ್ಬರೇ ಸೀಲ್ ಒತ್ತಬೇಕು. ಮತಗಟ್ಟೆ ಅಧಿಕಾರಿ, ಏಜೆಂಟ್ ಎಲ್ಲಾ ನಾವೇ. ಆ ಸಲ ಗೆದ್ದಿದ್ದು ಯಾರೂ ಅಂದುಕೊಳ್ಳದ ಒಬ್ಬ ಹುಡುಗಿ. ಕ್ಲಾಸು ಅದೇ, ಮಕ್ಕಳು ಅವರೇ. ಒಂದು ರಟ್ಟಿನ ಡಬ್ಬ ಮಧ್ಯೆ ಬಂತು, ಅಷ್ಟೇ. ಗುಪ್ತ ಮತದಾನ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಬಹಳ ಶಾಲೆಗಳಲ್ಲಿ ಮೊಬೈಲ್ ಆ್ಯಪಿನಲ್ಲಿ ಇವಿಎಂ ಥರ ಬೀಪ್ ಅನ್ನಿಸಿ ಮಾಡುತ್ತಾರೆ, ಮಕ್ಕಳಿಗೆ ಖುಷಿ. ಮಾಡಿ. ಆದರೆ ಮೊಬೈಲ್ ಹಿಡಿದುಕೊಂಡು ಟೀಚರ್ ಪಕ್ಕದಲ್ಲೇ ನಿಂತಿರಬಾರದು, ಪರದೆ ಇರಲೇಬೇಕು. ಹಾಕಿದ ಓಟು ಯಾರಿಗೆ ಹೋಯಿತು ಅಂತ ಚೀಟಿಯಲ್ಲಿ ತೋರಿಸುವ ನಿಜವಾದ ವಿವಿಪ್ಯಾಟ್ ಯಂತ್ರದಲ್ಲೂ ಚೀಟಿ ಏಳು ಸೆಕೆಂಡ್ ಮತದಾರನಿಗೆ ಮಾತ್ರ ಕಾಣಿಸಿ ಕೆಳಗೆ ಬೀಳುತ್ತದೆ. ನೋಟಾನೂ (ಯಾರೂ ಬೇಡ ಅನ್ನುವ ಆಯ್ಕೆ) ಇಡಿ, ಅದು 2013ರಲ್ಲಿ ಬಂದದ್ದು.

ಇನ್ನೊಂದು ಮಾತು ಹೇಳಲೇಬೇಕು. ಚುನಾವಣೆ ಆದ ಮೇಲೆ ಬಹಳ ಶಾಲೆಗಳಲ್ಲಿ ಮಂತ್ರಿಗಳಿಗೆ ಬ್ಯಾಡ್ಜ್ ಹಾಕಿ ಪ್ರಮಾಣವಚನ ಮಾಡಿಸಿ ಬಿಟ್ಟುಬಿಡುತ್ತಾರೆ. ನಮ್ಮ ಮೇಡಂ ತಿಂಗಳಿಗೊಮ್ಮೆ ಅಧಿವೇಶನ ಮಾಡಿಸಿದರು, ವಿರೋಧ ಪಕ್ಷದ ನಾಯಕಿಯನ್ನೂ ಮಾಡಿದ್ದರು. ಅವಳು ಎದ್ದು "ಹುಣಸೆ ಮರದ ಹತ್ತಿರದ ಎರಡು ಗಿಡ ಒಣಗಿವೆ, ಮಾನ್ಯ ಮಂತ್ರಿಗಳು ಉತ್ತರ ಕೊಡಬೇಕು" ಅಂದಾಗ ನನಗೆ ಬೆವರು ಬಂದಿತ್ತು. ಮಾರನೇ ದಿನದಿಂದ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬಂದು ಬಿಂದಿಗೆ ಹೊತ್ತೆ. ಒಂದು ಗಿಡ ಉಳಿಯಿತು.

---

ಮದ್ದೂರು ಮನುಷ್ಯ

ಒಳ್ಳೆಯ ಚರ್ಚೆ. ಬೆಳಗಾವಿ ದೂರ ಆಗುವ ದಕ್ಷಿಣದ ಶಾಲೆಯವರೂ ಓದುತ್ತಿರಬಹುದು, ಅವರಿಗಾಗಿ ಇದು.

ಬೆಂಗಳೂರು-ಮೈಸೂರು ಪ್ರವಾಸಕ್ಕೆ ಎಲ್ಲರೂ ಹೋಗುತ್ತಾರೆ. ವಿಧಾನಸೌಧದ ಮುಂದೆ ನಿಂತು ಫೋಟೋ, ಆಮೇಲೆ ಸೀದಾ ಅರಮನೆ, ಝೂ. ಮಧ್ಯೆ ಮದ್ದೂರು ಹತ್ತಿರ ಶಿವಪುರ ಇದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ನಿಷೇಧ ಇದ್ದರೂ ಸಾವಿರಾರು ಜನ ಸೇರಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹಾರಿಸಿದ ಜಾಗ. ಅದೇ ತಿಂಗಳ 25ಕ್ಕೆ ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಆಮೇಲೆ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದ ಆಗಿ ಸಂಸ್ಥಾನದ ಬಾವುಟದ ಜೊತೆ ಆ ಧ್ವಜವನ್ನೂ ಹಾರಿಸಲು ಬಿಟ್ಟರು. ಶಿವಪುರದಲ್ಲಿ ಸತ್ಯಾಗ್ರಹ ಸೌಧ ಇದೆ. ನಮ್ಮ ತಾತ ಆ ಜನಜಂಗುಳಿಯಲ್ಲಿ ಅವರಪ್ಪನ ಹೆಗಲ ಮೇಲೆ ಕೂತಿದ್ದರಂತೆ, ಅವರಿಗೆ ನೆನಪಿದ್ದದ್ದು ಧೂಳು ಮಾತ್ರ. ಪ್ರವಾಸದ ಬಸ್ಸುಗಳು ಹಾರ್ನ್ ಹೊಡೆದುಕೊಂಡು ಹೋಗುವುದನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ.

ಮೈಸೂರಿನಲ್ಲಿ ಪುರಭವನ ತೋರಿಸಿ, ಅದಕ್ಕೆ ಮೈಸೂರಿನ ದಿವಾನರಾಗಿದ್ದ ರಂಗಾಚಾರ್ಲು ಅವರ ಹೆಸರು ಇದೆ. ಈ ದಿವಾನರ ಕಾಲದಲ್ಲೇ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆಗೆ 144 ಜನ. ಹೆಚ್ಚಿನವರು ಜಮೀನು ಇದ್ದವರು, ವ್ಯಾಪಾರಸ್ಥರು. ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಕಷ್ಟ ಹೇಳಿಕೊಳ್ಳಬಹುದಿತ್ತು ಅಷ್ಟೇ. ಇದನ್ನು ಮಕ್ಕಳಿಗೆ ಹಾಗೆಯೇ ಹೇಳಬೇಕು. ಕೂಲಿ ಮಾಡುವವರ ಮನೆಯಿಂದ ಯಾಕೆ ಯಾರೂ ಇರಲಿಲ್ಲ ಅಂತ ಅವರೇ ಕೇಳುತ್ತಾರೆ.

ಬಸ್ಸಿನಲ್ಲಿ ಹೇಳಲು ಇನ್ನೊಂದು. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದ್ದು. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿದ ಬಣ್ಣದ ಕಾರ್ಖಾನೆ, ಈಗ ಮೈಸೂರು ಪೇಂಟ್ಸ್ ಅಂತ ರಾಜ್ಯ ಸರ್ಕಾರದ್ದು. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಹೋಗುತ್ತದೆ.

ಬೆಂಗಳೂರಿನಲ್ಲಿ ಈಗ ವಿಧಾನಸೌಧದ ಒಳಗೂ ಭಾನುವಾರ ಗೈಡ್ ಜೊತೆ ನೋಡಬಹುದು, 2025ರಲ್ಲಿ ಶುರುವಾಯಿತು. ಭಾನುವಾರ ಆದ್ದರಿಂದ ಸದನ ಇರುವುದಿಲ್ಲ. ಚಿಕ್ಕ ಮಕ್ಕಳಿಗೆ ಅದು ಸಾಕು, ಹೈಸ್ಕೂಲಿನವರಿಗೆ ಮೇಷ್ಟ್ರು ಹೇಳಿದ ಹಾಗೆ ಅಧಿವೇಶನವೇ ಆಗಬೇಕು.

---

ಹಾವೇರಿ ಕಡೆ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ, ಸ್ಟಾಫ್ ರೂಮಿನಲ್ಲೂ ಓದಿ ಹೇಳಿದೆ.

ಅಪ್ಪನವರು ಹೇಳಿದ ಹಾಗೆ ಶನಿವಾರ ಪೋಷಕರ ಸಭೆ ಕರೆದೆ. ಹಾರ ಇಲ್ಲ, ಶಾಲು ಇಲ್ಲ, ಬುತ್ತಿ ಮನೆಯದೇ ಅಂತ ಹಾಳೆಯಲ್ಲಿ ಬರೆದು ಹೆಡ್‌ಮಾಸ್ಟರ್ ಸಹಿ ಹಾಕಿಸಿ ಓದಿದೆ. ಫೋನ್ ಮಾಡಿದ್ದ ಇಬ್ಬರಲ್ಲಿ ಒಬ್ಬರು ಒಪ್ಪಿದರು. ಇನ್ನೊಬ್ಬರು ಇನ್ನೂ ಒಪ್ಪಿಲ್ಲ, ಅವರ ಮನೆಗೆ ಹೋಗಿ ಮಾತಾಡುತ್ತೇನೆ. ಆ ಹುಡುಗ ಬರಲೇಬೇಕು, ಕ್ಲಾಸಿನಲ್ಲಿ ಜಾಸ್ತಿ ಪ್ರಶ್ನೆ ಕೇಳುವವನು ಅವನೇ.

ಪ್ರಶ್ನೋತ್ತರ ಪಟ್ಟಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಹೋದ ವರ್ಷದ ಒಂದು ಪಟ್ಟಿ ಪ್ರಿಂಟ್ ತೆಗೆದು ಅಭ್ಯಾಸ ಮಾಡಿಸಿದೆ. ಆಗ ಪರಿಷತ್ತಿನ ಮಾತು ಬಂತು. ಶಿಕ್ಷಕರ ಕ್ಷೇತ್ರದಿಂದ ಏಳು ಜನ, ಪದವೀಧರರ ಕ್ಷೇತ್ರದಿಂದ ಏಳು ಜನ ಆರಿಸಿ ಬರುತ್ತಾರೆ, ನಾನೂ ಅದಕ್ಕೆ ಓಟು ಹಾಕುತ್ತೇನೆ ಅಂದೆ. "ಹಾಗಾದ್ರೆ ನಮ್ಮ ಪ್ರೈಮರಿ ಸ್ಕೂಲ್ ಟೀಚರೂ ಹಾಕ್ತಾರಾ?" ಅಂದರು. ಶಿಕ್ಷಕರ ಕ್ಷೇತ್ರದಲ್ಲಿ ಅವರಿಗೆ ಇಲ್ಲ, ಹೈಸ್ಕೂಲು ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ ಅಂದೆ. "ಯಾಕೆ?" ಅಂತ ಹತ್ತು ಜನ ಒಟ್ಟಿಗೆ ಕೇಳಿದರು. ಸಂವಿಧಾನದಲ್ಲೇ ಹಾಗಿದೆ ಅಂದರೂ ಅವರಿಗೆ ಸಮಾಧಾನ ಆಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾರೆ, ಬೆಳಗಾವಿಯಲ್ಲಿ ಯಾರಾದರೂ ಪರಿಷತ್ ಸದಸ್ಯರು ಸಿಕ್ಕರೆ ಕೇಳುತ್ತಾರಂತೆ.

ಅಕ್ಕಾ, ನಿಮ್ಮ ಮಾತಿನ ಹಾಗೆ ಪಂಚಾಯಿತಿಗೂ ಹೋಗಿ ಬಂದೆವು. ಪಿಡಿಒ ಮಕ್ಕಳ ಗ್ರಾಮ ಸಭೆಗೆ ತಾರೀಕು ಕೊಟ್ಟಿದ್ದಾರೆ. ಬಸ್ಸಿನ ಹುಡುಗಿ ಮತ್ತು ಅವಳ ನಾಲ್ಕು ಗೆಳತಿಯರು ಲೆಕ್ಕ ಶುರು ಮಾಡಿದ್ದಾರೆ. ಅವರ ಊರು, ಪಕ್ಕದ ಎರಡು ಊರು ಸೇರಿ ನಮ್ಮ ಶಾಲೆಗೂ ತಾಲ್ಲೂಕಿನ ಕಾಲೇಜಿಗೂ ಹೋಗುವವರು ಇಲ್ಲಿವರೆಗೆ 61 ಜನ ಆಗಿದ್ದಾರೆ. ಒಂದು ಓಣಿ ಬಾಕಿ ಇದೆಯಂತೆ. ಬಸ್ ಎಂಟು ಕಾಲಿಗೆ ಬೇಕಾ ಎಂಟೂವರೆಗೆ ಬೇಕಾ ಅಂತ ಅವರವರಲ್ಲೇ ಒಮ್ಮತ ಇಲ್ಲ. ಕಾಲೇಜಿನವರಿಗೆ ಎಂಟು ಕಾಲು ಬೇಕು, ನಮ್ಮ ಶಾಲೆಯವರಿಗೆ ಅದು ಜಾಸ್ತಿ ಬೇಗ. ನಾಳೆ ಊಟದ ಬಿಡುವಿನಲ್ಲಿ ಕೂತು ಓಟಿಗೆ ಹಾಕುತ್ತಾರಂತೆ. ರಟ್ಟಿನ ಡಬ್ಬ ಕೇಳಿದರು, ಬಿಸಿಯೂಟದ ಕೋಣೆಯಿಂದ ಒಂದು ತೆಗೆದಿಟ್ಟಿದ್ದೇನೆ.